ಮೊದಲ ಭಾನುವಾರದ ಸೆರಗು

1999ರ ಜೂನ್ ಆರು, ಭಾನುವಾರ. ಬೆಳಗಿನಿಂದ ಮೋಡ ಕವಿದಿತ್ತು. ಮಳೆ ಬರಲಿಲ್ಲ, ಗಾಳಿಯೂ ಇರಲಿಲ್ಲ, ಸೆಖೆ ಮಾತ್ರ ಇತ್ತು. ಅಂದು ನಾನೂ ನನ್ನ ಹೆಂಡತಿಯೂ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಒಂದು ಮಹಡಿ ಮನೆಗೆ ಬಾಡಿಗೆಗೆ ಬಂದೆವು.

ಧೈರ್ಯವಂತರ ಮನೆಯಲ್ಲಿ ಕುರ್ಚಿ, ಮೇಜು ತಮ್ಮ ಪಾಡಿಗೆ ತಾವು ಇರುತ್ತವೆ. ಅಂಜುವವರ ಮನೆಯಲ್ಲಿ ಅವಕ್ಕೆ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಅಂಜುವವನು. ಹಾಗಾಗಿ ಹೇಳಲು ಒಂದಿಷ್ಟು ಉಳಿದಿದೆ.

ಮಾಲೀಕರು ರಾಯಚೂರು ಕಡೆಯವರು, ನಮ್ಮ ಕಡೆಯವರೇ. ಸರಕಾರಿ ನೌಕರಿಯಿಂದ ನಿವೃತ್ತರಾಗಿ ಕೆಳಗಿನ ಮನೆಯಲ್ಲಿದ್ದರು. ಮಾತು ಕಡಿಮೆ. ಅವರ ಪಾಲಿನದನ್ನೂ ಅವರ ಹೆಂಡತಿ ಆಡುತ್ತಿದ್ದರು. ಅವರನ್ನು ಓಣಿಯೆಲ್ಲ ಅಮ್ಮಾವ್ರು ಎನ್ನುತ್ತಿತ್ತು. ಬಾಡಿಗೆ ಸಾವಿರದ ಇನ್ನೂರು. ಆ ಓಣಿಯಲ್ಲಿ ಆಗಲೇ ಅದು ಅರ್ಧ ಬೆಲೆ.

ಕಾರಣ ಮನೆಯೊಳಗೇ ಇತ್ತು. ಒಂದು ಮಂಚ, ಒಂದು ಕಪಾಟು, ಒಂದು ಊಟದ ಮೇಜು, ನಾಲ್ಕು ಕುರ್ಚಿ. ಎಲ್ಲವೂ ಸಾಗವಾನಿ. ಅಮ್ಮಾವ್ರ ಮದುವೆಯಲ್ಲಿ ತವರಿನಿಂದ ಬಂದದ್ದು. ಕೆಳಗೆ ಜಾಗ ಸಾಲದೆ ಮೇಲಿಟ್ಟಿದ್ದರು. ಅವನ್ನು ನೋಡಿಕೊಳ್ಳುವುದು ಬಾಡಿಗೆದಾರರ ಕೆಲಸ.

"ಬಾಡಿಗಿ ನಾಕು ದಿನ ಹಿಂದಮುಂದ ಆದ್ರ ನಡೀತೈತಿ," ಎಂದರು ಅಮ್ಮಾವ್ರು. "ಸಾಮಾನಿನ ಮ್ಯಾಲ ಒಂದು ಗೆರಿ, ಒಂದು ಡಾಗ ಬಿದ್ರ ಮಾತ್ರ ಮರುದಿನ ಮನಿ ಖಾಲಿ ಮಾಡಬೇಕು. ತಿಳೀತಿಲ್ರಿ?"

ತಿಳಿಯಿತು. ಹೆಂಡತಿ ಕಲಿಸುತ್ತಿದ್ದ ಶಾಲೆ ಅಲ್ಲಿಂದ ಎರಡೇ ಓಣಿ. ನಾನೊಂದು ಬೀಜದ ಕಂಪನಿಯಲ್ಲಿ ಗುಮಾಸ್ತ. ಮುಂದಿನ ವರ್ಷಗಳಲ್ಲಿ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಎದ್ದಂತೆಲ್ಲ ಕೂಕಟ್‌ಪಲ್ಲಿಯ ಬಾಡಿಗೆಯೂ ಎದ್ದಿತು. ಆ ಮನೆ ಕೈತಪ್ಪಿದರೆ ನಮಗೆ ಊರ ಹೊರಗೂ ಇನ್ನೊಂದು ಸಿಗುವಂತಿರಲಿಲ್ಲ.

೧. ಕನ್ನಡಕ

ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಪಾಸಣೆ. ಅಮ್ಮಾವ್ರು ಮುಂದೆ, ಮಾಲೀಕರು ಹಿಂದೆ. ಅಮ್ಮಾವ್ರು ಅಂದು ಬಿಳಿ ಸೀರೆಯನ್ನೇ ಉಟ್ಟು ಬರುತ್ತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಮರದ ಮೇಲೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಮೊದಲ ತಪಾಸಣೆಗೆ ನಾವು ಎರಡು ದಿನ ಮೊದಲೇ ಸಿದ್ಧರಾದೆವು. ಮೊದಲು ಒಣಬಟ್ಟೆ, ಆಮೇಲೆ ಹಿಂಡಿದ ಒದ್ದೆಬಟ್ಟೆ, ಮತ್ತೆ ಒಣಬಟ್ಟೆ. ಎಲ್ಲವೂ ಮರದ ಎಳೆಯ ಗುಂಟ, ಅಡ್ಡಡ್ಡ ಅಲ್ಲ. ಹಾಗೆಂದು ಅವರೇ ಹೇಳಿಕೊಟ್ಟಿದ್ದರು.

ಸೆರಗು ಕಪಾಟಿನ ನೆತ್ತಿಯ ಮೇಲೆ ಹೋಯಿತು. ಬಿಳಿ. ಮೇಜಿನ ಅಡಿಗೆ ಹೋಯಿತು. ಬಿಳಿ. ಕುರ್ಚಿಯ ಕಾಲುಗಳ ನಡುವಿನ ಅಡ್ಡಪಟ್ಟಿಗೆ ಹೋಯಿತು. ಅದೂ ಬಿಳಿ. ಅಮ್ಮಾವ್ರಿಗೆ ಸಮಾಧಾನವಾಗಲಿಲ್ಲ. ಸುತ್ತ ನೋಡಿದರು. ಕೊನೆಗೆ ನನ್ನ ಮುಖ ನೋಡಿದರು. ಕೈ ಚಾಚಿ ನನ್ನ ಕನ್ನಡಕ ತೆಗೆದು, ಗಾಜಿನ ಮೇಲೆ ಸೆರಗು ಎಳೆದು, ಬೆಳಕಿಗೆ ಹಿಡಿದರು. ಕಪ್ಪು.

"ಇದರಾಗಿಂದ ನೋಡಿ ಸ್ವಚ್ಛ ಐತಿ ಅಂತ ತಿಳ್ಕೊಂಡೀರೇನು?" ಎಂದು ಇನ್ನೊಮ್ಮೆ ಎಲ್ಲವನ್ನೂ ಮೊದಲಿನಿಂದ ನೋಡಿದರು.

೨. ಹಳೆಯ ಪಂಚೆ

ಒರೆಸಲು ಯಾವ ಬಟ್ಟೆಯೂ ಆಗದು, ಉಟ್ಟು ಉಟ್ಟು ಹಳತಾದ ಮಲ್‌ಮಲ್ ಪಂಚೆಯೇ ಆಗಬೇಕು ಎಂಬುದು ಇನ್ನೊಂದು ಷರತ್ತು. ಹೊಸ ಬಟ್ಟೆಯ ಗಂಜಿ ಮರಕ್ಕೆ ಗೆರೆ ಹಾಕುತ್ತದಂತೆ. ನಾನು ಪಂಚೆ ಉಡುವವನಲ್ಲ. ಅಮ್ಮಾವ್ರು ಕೊಟ್ಟ ತುಂಡು ಮೂರು ತಿಂಗಳಲ್ಲಿ ಜಾಳಾಯಿತು.

ಸುಲ್ತಾನ್ ಬಜಾರಿಗೆ ಹೋಗಿ ಹಳೆಯ ಪಂಚೆ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಳೆಯದು ಬೇಕಾದರೆ ಹೊಸದು ಕೊಂಡು ಕಾಯಬೇಕು ಎಂದ. ಅದು ಸರಿಯೆನಿಸಿತು. ಒಂದು ಕೊಂಡು ತಂದು ದಿನಾ ಸಂಜೆ ಉಡತೊಡಗಿದೆ. ಎಡವಿದೆ. ಮೆಟ್ಟಿಲಲ್ಲಿ ಒಮ್ಮೆ ಬಿಚ್ಚಿಕೊಂಡಿತು. ಪಕ್ಕದ ಮನೆಯವರು ನನ್ನ ಹೆಂಡತಿಯನ್ನು ಬದಿಗೆ ಕರೆದು, "ಯಜಮಾನರು ಏನರ ವ್ರತ ಹಿಡದಾರೇನ್ರಿ?" ಎಂದು ಕೇಳಿದರಂತೆ.

"ಹೌದ್ರಿ," ಎಂದಳಂತೆ ಇವಳು. "ಮನಿ ಉಳೀಲಿ ಅಂತ."

ನಾಲ್ಕು ತಿಂಗಳಾದ ಮೇಲೆ ಪಂಚೆ ಬೇಕಾದಷ್ಟು ಮೆತ್ತಗಾಯಿತು. ಕತ್ತರಿ ತೆಗೆದುಕೊಂಡು ಕೂತೆ. ಹೆಂಡತಿ ಹತ್ತಿರ ಬಂದು ನಿಂತು ನಿಟ್ಟುಸಿರುಬಿಟ್ಟಳು.

"ಹರೀಬೇಕೇನು? ಈಗ ಈಗ ನಿಮಗ ಒಪ್ಪಾಕತ್ತಿತ್ತು."

೩. ಖಾಲಿ ಕುರ್ಚಿಗಳು

ಊರಿಂದ ಬಂಧುಗಳು ಬಂದರೆ ನಮಗೆ ಎದೆ ಬಡಿತ. ಅವರು ಕೂರುತ್ತಾರೆ. ಕೂತರೆ ಒರಗುತ್ತಾರೆ. ಒರಗಿದರೆ ತಲೆಯ ಎಣ್ಣೆ ಕುರ್ಚಿಗೆ ಹತ್ತುತ್ತದೆ. ಚಹಾದ ಕಪ್ಪು ಮೇಜಿನ ಮೇಲಿಡುತ್ತಾರೆ. ಹೀಗೆ ಯೋಚಿಸುತ್ತ ಹೋದರೆ ಕೊನೆಯಲ್ಲಿ ನಾವು ಟ್ರಂಕು ಹೊತ್ತು ರಸ್ತೆಯಲ್ಲಿ ನಿಂತಿರುವುದು ಕಾಣುತ್ತದೆ.

ಹೆಂಡತಿ ಉಪಾಯ ಕಂಡುಹಿಡಿದಳು. ಬಂದವರಿಗೆಲ್ಲ ಚಾಪೆ ಹಾಸಿ ಕೂರಿಸುವುದು.

ಒಮ್ಮೆ ಅವಳ ದೂರದ ಸೋದರಮಾವ ಬಂದರು. ಚಾಪೆಯ ಮೇಲೆ ಕೂತು, ಗೋಡೆಗುಂಟ ಸಾಲಾಗಿ ಹೊಳೆಯುತ್ತಿದ್ದ ನಾಲ್ಕು ಕುರ್ಚಿಗಳನ್ನು ನೋಡಿದರು. ದನಿ ತಗ್ಗಿಸಿ ಕೇಳಿದರು.

"ಯಾರರ ದೊಡ್ಡ ಮಂದಿ ಬರೂರದಾರೇನವ್ವಾ?"

ಬೇರೆ ಏನೂ ತೋಚದೆ ಇವಳು, "ಹೌದು ಮಾಮಾ, ಬರಬೇಕಾಗಿತ್ತು," ಎಂದಳು.

ಮಾಮ ಟೊಪ್ಪಿಗೆ ಸರಿಮಾಡಿಕೊಂಡರು. ಮಧ್ಯಾಹ್ನದ ಬಸ್ಸು ಬಿಟ್ಟರು. ಸಂಜೆಯ ಬಸ್ಸೂ ಬಿಟ್ಟರು. ಬಾಗಿಲು ಸಪ್ಪಳವಾದಾಗಲೆಲ್ಲ ಎದ್ದು ನಿಂತರು. ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ, "ದೊಡ್ಡವರಿಗೆ ಸಾವಿರ ಕೆಲಸ ಇರ್ತಾವ," ಎಂದು ನಮಗೇ ಸಮಾಧಾನ ಹೇಳಿ ಹೊರಟರು.

ಎರಡು ವಾರದ ನಂತರ ಊರಿಂದ ಒಂದು ದಪ್ಪ ಲಕೋಟೆ ಬಂತು. ಒಳಗೆ ಮಾಮನ ಮಗನ ವರ್ಗಾವಣೆಯ ಅರ್ಜಿ. ಮೇಲೊಂದು ಚೀಟಿ: "ಮಂತ್ರಿಗಳು ಈ ಸಲ ಬಂದಾಗ ಕುರ್ಚಿಯಲ್ಲಿ ಕೂತ ಕೂಡಲೆ ಕೊಡುವುದು."

೪. ಹಳದಿ ಪುಡಿ

ಮೂರನೆಯ ವರ್ಷ ಮಂಚದ ಕೆಳಗೆ ಪುಡಿ ಕಂಡಿತು. ನುಣ್ಣಗೆ, ಹಳದಿ, ಒಂದು ಚಿಟಿಕೆಯಷ್ಟು. ಗುಡಿಸಿದೆ. ಮರುದಿನ ಮತ್ತೆ ಅಷ್ಟೇ.

ಓದಿದವನಿಗೆ ಅಂಜಿಕೆ ಹೆಚ್ಚು. ಮರ ಕೊರೆಯುವ ಹುಳುವಿನ ವಿಷಯ ನಾನು ಓದಿದ್ದೆ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಮರವೇ ಇಲ್ಲ. ಒಂದು ದಿನ ಮನುಷ್ಯ ಮಲಗಿದ್ದಾಗ ಮಂಚ ಕುಸಿಯುತ್ತದೆ. ನನಗೆ ಕುಸಿತದ ಚಿಂತೆ ಇರಲಿಲ್ಲ. ಕುಸಿದ ಸಪ್ಪಳ ಕೆಳಗೆ ಕೇಳಿಸುತ್ತದಲ್ಲ ಎಂಬುದೇ ಚಿಂತೆ.

ಹುಳು ಒಳಗೆ ಟಿಕ್ ಟಿಕ್ ಎನ್ನುತ್ತದಂತೆ. ಕನ್ನಡಕ ತೆಗೆದಿಟ್ಟು, ಮಂಚದ ಕೆಳಗೆ ತೆವಳಿ, ಒಂದೊಂದೇ ಕಾಲಿಗೆ ಕಿವಿ ಹಚ್ಚಿ ಮಲಗಿದೆ. ಟಿಕ್ ಟಿಕ್ ಕೇಳಿಸಿತು. ಕೈಗಡಿಯಾರ ಬಿಚ್ಚಿಟ್ಟು ಮತ್ತೆ ಕೇಳಿದೆ. ಈಗ ಕೇಳಿಸಲಿಲ್ಲ. ಹುಳು ಹುಷಾರಾಗಿದೆ ಎಂದುಕೊಂಡೆ.

ಔಷಧದಂಗಡಿಯಿಂದ ಇಂಜೆಕ್ಷನ್ ಸೂಜಿ ತಂದು ಕಂಡ ಸಂದಿಗೆಲ್ಲ ಸೀಮೆಎಣ್ಣೆ ಚುಚ್ಚಿದೆ. ಮನೆಯೆಲ್ಲ ನಾತ. ಬೆಂಕಿ ಹತ್ತೀತೆಂದು ಹೆಂಡತಿ ಒಲೆ ಹಚ್ಚಲಿಲ್ಲ. ಎರಡು ದಿನ ಚುರುಮುರಿ ತಿಂದೆವು. ಪುಡಿ ಮಾತ್ರ ಬೀಳುತ್ತಲೇ ಇತ್ತು.

ಮೂರನೆಯ ದಿನ ಹೆಂಡತಿ ತಾನೇ ಬಗ್ಗಿ ನೋಡಿದಳು. ಮಂಚದ ಹಲಗೆಯ ಸಂದಿಯಲ್ಲಿ ಒಂದು ಬಟ್ಟೆಯ ಚೀಲ ಸಿಕ್ಕಿಕೊಂಡಿತ್ತು. ಕಪಾಟಿನಲ್ಲಿ ತಿನ್ನುವ ಸಾಮಾನು ಇಡಬಾರದೆಂಬ ಆಜ್ಞೆಯಿಂದ ಅವಳೇ ಸಿಕ್ಕಿಸಿ ಮರೆತ ತವರಿನ ಕಡಲೆಹಿಟ್ಟು. ಅದಕ್ಕೆ ಹುಳು ಹತ್ತಿ ಚೀಲ ತೂತಾಗಿತ್ತು.

"ಹುಳ ಖರೇನ ಸತ್ತಾವ್ರಿ," ಎಂದಳು ಮೂಸಿ. "ಹಿಟ್ಟೂ ಸತ್ತೈತಿ."

ಆ ಭಾನುವಾರ ಅಮ್ಮಾವ್ರು ಬಾಗಿಲಲ್ಲೇ ನಿಂತು ಮೂಗರಳಿಸಿದರು.

"ಸೀಮಿಎಣ್ಣಿ ಹೊಡದೀರೇನು? ಹುಳ ಬರೂಕಿಂತ ಮೊದಲ? ಭಾಳ ಶ್ಯಾಣ್ಯಾರದೀರಿ. ಇನ್ನ ತಿಂಗಳಾ ಹೊಡೀರಿ."

೫. ಯಂತ್ರ

ನಾಲ್ಕನೆಯ ವರ್ಷದ ಹೊತ್ತಿಗೆ ನಮ್ಮ ಓಣಿಯಲ್ಲಿ ದಲ್ಲಾಳಿಗಳು ಓಡಾಡತೊಡಗಿದ್ದರು. ಒಬ್ಬ ಮಾದಾಪುರದ ಎಂಜಿನಿಯರನ್ನು ಕರೆತಂದ. ಬೆಂಗಳೂರು ಕಡೆಯ ಹುಡುಗ, ಹೊಸದಾಗಿ ಮದುವೆಯಾದವನು. ನಾಲ್ಕೂವರೆ ಸಾವಿರ ಕೊಡುತ್ತೇನೆ ಎಂದ. ಅಮ್ಮಾವ್ರು ಅವನನ್ನು ನೇರ ನಮ್ಮ ಮನೆಗೇ ಕರೆತಂದರು.

"ನೋಡ್ಲಿ ಬಿಡ್ರಿ," ಎಂದರು ನಮಗೆ. "ಸಾಮಾನು ನಿಮಗಿಂತ ಛಲೋ ನೋಡ್ಕೊಳ್ಳೂರು ಇದ್ರ ಯಾಕ ಬ್ಯಾಡ?"

ಹೆಂಡತಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

"ಹೆಂಗ ಒರಸ್ತೀರಿ?" ಎಂದು ಅಮ್ಮಾವ್ರು ಹುಡುಗನನ್ನು ಕೇಳಿದರು.

"ಒರೆಸೋದೇ ಬೇಡ ಆಂಟಿ. ನನ್ ಹತ್ರ ಮೆಷಿನ್ ಇದೆ. ಕಾರಲ್ಲೇ ಇದೆ, ತೋರಿಸ್ಲಾ?"

ಕೆಂಪು ಬಣ್ಣದ ಯಂತ್ರ ಬಂತು. ಸೊಂಡಿಲು, ಹೊಟ್ಟೆ, ಎರಡು ಗಾಲಿ. ಗುಂಡಿ ಒತ್ತಿದೊಡನೆ ವಿಮಾನ ಏರುವ ಸದ್ದು. ಸೊಂಡಿಲು ಕಪಾಟಿನ ಸಂದಿಯಲ್ಲಿ ಆಡಿತು. ನಾನು ಸೂಜಿಯಲ್ಲಿ ತೆಗೆಯುತ್ತಿದ್ದ ಧೂಳು ಕ್ಷಣದಲ್ಲಿ ಮಾಯ. ಅಮ್ಮಾವ್ರು ಸೆರಗು ಎಳೆದು ನೋಡಿದರು. ಬಿಳಿ. ಅವರ ಹುಬ್ಬು ಮೇಲೇರಿತು. ನಾನು ಮನಸ್ಸಿನಲ್ಲೇ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ.

ಅಷ್ಟರಲ್ಲಿ ಕಟಕ್ ಎಂದಿತು. ಕಪಾಟಿನ ಬೀಗದ ತೂತಿನ ಮೇಲೆ ಹಿತ್ತಾಳೆಯದೊಂದು ಪುಟ್ಟ ಎಲೆ ಇತ್ತು. ಅದರ ಮೊಳೆ ಸಡಿಲ. ನಾಲ್ಕು ವರ್ಷ ನಾನು ಅದನ್ನು ಉಸಿರು ಬಿಗಿಹಿಡಿದು ಒರೆಸಿದ್ದೆ. ಈಗ ಅದು ಅಲ್ಲಿರಲಿಲ್ಲ. ಯಂತ್ರದ ಹೊಟ್ಟೆಯಲ್ಲಿ ಗಿರಗಿರ ತಿರುಗುತ್ತಿತ್ತು.

"ಏನಾಗಲ್ಲ ಆಂಟಿ," ಎಂದ ಹುಡುಗ, ಬೆವರುತ್ತ. "ಇದು ಫುಲ್ ಆಟೊಮ್ಯಾಟಿಕ್."

"ಹೌದೇನು?" ಎಂದರು ಅಮ್ಮಾವ್ರು. "ಹಂಗಾದ್ರ ಉಗುಳಾಕ ಹೇಳ್ರಿ ಅದಕ್ಕ."

೬. ಹಂಚು

ಐದನೆಯ ಬೇಸಿಗೆಯಲ್ಲಿ ನನ್ನ ಅತ್ತೆ ಊರಿಂದ ಬಂದರು. ಅಳಿಯ ಬಡಕಲಾಗಿದ್ದಾನೆಂದು ಒಂದು ಶನಿವಾರ ಜೋಳದ ರೊಟ್ಟಿ ಬಡಿಯಲು ಕೂತರು. ರೊಟ್ಟಿ ಮುಗಿಸಿ ಪಲ್ಯಕ್ಕೆ ಇಡಬೇಕಾಗಿತ್ತು. ಕಾದ ಕಬ್ಬಿಣದ ಹಂಚು ಇಳಿಸಲು ಆ ಇಕ್ಕಟ್ಟಿನ ಅಡುಗೆಮನೆಯಲ್ಲಿ ಜಾಗ ಸಿಗಲಿಲ್ಲ. ಮೇಜಿನ ಮೇಲಿಟ್ಟರು.

ನಾನು ಕಚೇರಿಯಿಂದ ಮಧ್ಯಾಹ್ನ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈ ಮಾಡಿ ತೋರಿಸಿದಳು.

ಮೇಜಿನ ನಟ್ಟನಡುವೆ ರೊಟ್ಟಿಯಗಲ ಬೆಳ್ಳಗಿನ ವೃತ್ತ.

"ನಾ ಏನು ಹಂಗ ಇಟ್ಟೀನೇನು?" ಎಂದರು ಅತ್ತೆ. "ಕೆಳಗ ಪೇಪರ್ ಹಾಸೇ ಇಟ್ಟೀನಿ."

ಹಾಸಿದ್ದು ನಿಜ. ಊರಿಂದ ಬುತ್ತಿ ಸುತ್ತಿ ತಂದಿದ್ದ ಪತ್ರಿಕೆ. ಅದರ ಅಕ್ಷರಗಳು ಕರಗಿದ ಪಾಲಿಶಿಗೆ ತಿರುಗುಮುರುಗಾಗಿ ಅಂಟಿದ್ದವು. ಆ ಸ್ಥಿತಿಯಲ್ಲೂ ನಾನು ಬಗ್ಗಿ ಓದಿದೆ. 'ಶಾಂತಿ ಕಾಪಾಡಲು ಮನವಿ' ಎಂದಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮೊದಲ ಭಾನುವಾರ.

ಬಿಳಿ ಕಲೆಗೆ ಬೂದಿ ಮತ್ತು ಎಣ್ಣೆ ತಿಕ್ಕಬೇಕೆಂದು ಎಲ್ಲೋ ಓದಿದ್ದೆ. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿ? ದೇವರ ಗೂಡಿನ ವಿಭೂತಿ ಪುಡಿಮಾಡಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ತಿಕ್ಕಿದೆ. ಅಕ್ಷರ ಹೋಯಿತು. ರೊಟ್ಟಿಯಗಲ ಇದ್ದ ಕಲೆ ಮೊರದಗಲವಾಯಿತು.

"ಇನ್ನೊಂದು ಬಿಲ್ವಪತ್ರಿ ಏರಿಸ್ರಿ, ಪೂಜಿ ಆತು," ಎಂದರು ಅತ್ತೆ.

ಓಡಿದೆ. ಮೂಲೆಯ ಫರ್ನಿಚರ್ ಅಂಗಡಿಯಿಂದ ಒಬ್ಬ ಮುದುಕ ಪಾಲಿಶಿನವನನ್ನು ಕರೆತಂದೆ. ಅವನು ಕಲೆಯ ಮೇಲೆ ಅಂಗೈ ಆಡಿಸಿ, ವೈದ್ಯನ ಹಾಗೆ ತಲೆಯಾಡಿಸಿದ. ಮೇಲಿನ ಹಲಗೆಯ ಹಳೆಯ ಪಾಲಿಶ್ ಪೂರ್ತಿ ಕೆರೆದು ತೆಗೆಯಬೇಕು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಪದರದ ಮೇಲೆ ಪದರ ಹಚ್ಚಬೇಕು. ಎಂಟುನೂರು ರೂಪಾಯಿ. ಮೂರು ದಿನ.

ನಾಳೆ ಬೆಳಿಗ್ಗೆಯೊಳಗೆ ಆಗದೇ ಎಂದು ಬೇಡಿಕೊಂಡೆ.

"ಲಕಡೀ ಕೂ ಜಲ್ದಿ ನಕ್ಕೋ ಸಾಬ್," ಎಂದ. ಮರಕ್ಕೆ ಅವಸರ ಆಗದು ಎಂದು ಅವನ ಮಾತು. ಬೇಕಾದರೆ ಹೇಳಿಕಳಿಸಿ ಎಂದು ಹೊರಟುಹೋದ.

ಮೂವರೂ ಮೇಜಿನ ಸುತ್ತ ನಿಂತೆವು. ಮೇಲೊಂದು ಬಟ್ಟೆ ಹಾಸೋಣವೆಂದೆ. "ಅವರು ಎತ್ತಿ ನೋಡೇ ನೋಡ್ತಾರ," ಎಂದಳು ಹೆಂಡತಿ. ಬೀಗ ಹಾಕಿ ಎಲ್ಲಾದರೂ ಹೋಗೋಣವೆಂದೆ. ಇನ್ನೊಂದು ಕೀಲಿಕೈ ಅಮ್ಮಾವ್ರ ಸೊಂಟದಲ್ಲಿತ್ತು.

"ನಾ ಮೇಜಿನ ಮ್ಯಾಲ ಮಲ್ಕೋತೀನಿ," ಎಂದರು ಅತ್ತೆ. "ಜ್ವರ ಬಂದೈತಿ ಅಂತ ಹೇಳ್ರಿ. ಜ್ವರ ಬಂದ ಮುದುಕಿನ ಯಾರು ಎಬ್ಬಸ್ತಾರ?"

"ಮಂಚ ಬಿಟ್ಟು ಮೇಜಿನ ಮ್ಯಾಲ ಯಾಕ ಅಂದ್ರ?"

"ಹಳ್ಳಿಯಾಕಿ, ಗೊತ್ತಾಗಲಿಲ್ಲ ಅಂತ ಹೇಳ್ರಿ."

ಕೊನೆಗೆ ನಾನೇ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ಐದು ವರ್ಷ ಅಂಜಿ ಅಂಜಿ ಸಾಕಾಗಿತ್ತು. ಹೆಂಡತಿ ಮೂಲೆಯಿಂದ ಒಂದು ಹಳೆಯ ಸೀರೆ ತೆಗೆದು ನೆಲಕ್ಕೆ ಹಾಸಿ, ಪಾತ್ರೆಗಳನ್ನು ಒಂದೊಂದಾಗಿ ಅದರ ಮೇಲೆ ಇಡತೊಡಗಿದಳು. ಅವಳ ಶಾಲೆಯ ಚೀಲ ಗೂಟದಲ್ಲಿ ತೂಗುತ್ತಿತ್ತು. ಅದನ್ನು ನೋಡದೆ ಮೆಟ್ಟಿಲಿಳಿದೆ.

ಮೆಟ್ಟಿಲಿನ ತಿರುವಿನಲ್ಲಿ ಮಾಲೀಕರು ಪತ್ರಿಕೆ ಹಿಡಿದು ಕೂತಿದ್ದರು. ನನ್ನ ಮುಖ ನೋಡಿ ಪತ್ರಿಕೆ ಮಡಚಿದರು.

"ಯಾವುದು?" ಎಂದರು.

"ಮೇಜು," ಎಂದೆ.

ಅವರು ಎದ್ದರು. ಕೆಳಗಿನ ಬಾಗಿಲು ನೋಡಿದರು. ನನ್ನ ಮುಂಗೈ ಹಿಡಿದು ನಮ್ಮ ಮನೆಯನ್ನೂ ದಾಟಿಸಿ ಮಾಳಿಗೆಗೆ ಎಳೆದುಕೊಂಡು ಹೋದರು. ಅಲ್ಲಿಂದ ಕೆಳಗೆ ನೂಕುತ್ತಾರೇನೋ ಎನಿಸಿತು. ನೀರಿನ ಟ್ಯಾಂಕಿನ ಮರೆಗೆ ನಿಲ್ಲಿಸಿ ಪಿಸುಗುಟ್ಟಿದರು.

"ಅಕಿಗೆ ಹೇಳೀರೇನು?"

"ಇಲ್ಲರಿ. ಹೇಳಾಕ ಹೊಂಟಿದ್ದೆ."

"ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಬಗ್ಗಿದರು. ನಾನು ಹಿಂದೆ ಸರಿದು ಟ್ಯಾಂಕಿಗೆ ತಲೆ ಬಡಿಸಿಕೊಂಡೆ.

"ನೀವು ಮನಿ ಬಿಟ್ರ ಏನಾಗ್ತೈತಿ ಗೊತ್ತೈತೇನ್ರಿ?" ಎಂದರು. ಐದು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಅಕಿ ಇನ್ನ ಯಾರನ್ನೂ ನಂಬಂಗಿಲ್ಲ. ಸಾಮಾನೆಲ್ಲಾ ಕೆಳಗ ಬರತಾವ. ನೀವು ಬರೂಕಿಂತ ಮೊದಲ ಅವನ್ನ ಯಾರು ಒರಸ್ತಿದ್ರು ಅಂತ ತಿಳದೀರಿ? ನಾನರೀ! ಮದುವಿ ಆದ ಮರುದಿನದಿಂದ! ಮೂವತ್ತೊಂದು ವರ್ಷ! ಆಫೀಸಿಗೆ ಹೋಗೂ ಮುಂದ ಒಮ್ಮೆ, ಬಂದ ಮ್ಯಾಲ ಒಮ್ಮೆ. ರಿಟೈರ್ ಆದ ದಿನ ಹಾರ ಹಾಕಿ ಕಳಿಸಿದ್ರು. ಅಕಿ ಹಾರ ತಗದು ಗೂಟಕ್ಕ ಹಾಕಿ, 'ಇನ್ನ ಮ್ಯಾಲ ಮಧ್ಯಾಹ್ನನೂ ಒರಸಬಹುದು' ಅಂದ್ಲು. ಮರುದಿನಾ ಹೋಗಿ ಸೋಫಾ ತಂದೆ. ಜಾಗ ಇಲ್ಲ ಅಂದೆ. ಅರ್ಧಾ ಬಾಡಿಗಿ ಹೇಳಿ ನಿಮ್ಮನ್ನ ಹಿಡದೆ. ತಿಂಗಳಾ ಅಕಿ ಸೆರಗು ಎಳೀವಾಗ ನಿಮಗಿಂತ ನಂದು ಎದಿ ಜೋರ ಬಡಕೊಂತೈತ್ರಿ."

ಅವರ ಕೈಗಳನ್ನು ನೋಡಿದೆ. ಒರೆಸಿ ಒರೆಸಿ ಸವೆದ ಬೆರಳ ತುದಿಗಳು ಇನ್ನೂ ನುಣ್ಣಗಿದ್ದವು.

"ಎಷ್ಟು ದಿನ ಬೇಕಂತ ಪಾಲಿಶಿಗೆ?"

"ಮೂರು."

"ಇವತ್ತ ಸಂಜಿ ಬಸ್ಸಿಗೆ ಅಕಿನ್ನ ರಾಯಚೂರಿಗೆ ತಂಗಿ ಮನಿಗೆ ಕರಕೊಂಡು ಹೊಂಡ್ತೀನಿ. ಗುರುವಾರ ಬರ್ತೀವಿ. ನಾತ ಹೋಗಿರಬೇಕು. ನಾನು ಮೇಜು ನೋಡಿಲ್ಲ. ನೀವು ನನ್ನ ನೋಡಿಲ್ಲ. ಇನ್ನೊಂದು ಮಾತು..." ಎಂದು, ಅಂಗಿಯ ಒಳಜೇಬಿಗೆ ಕೈ ಹಾಕಿದರು.

ಮನೆಗೆ ಇಳಿದು ಬಂದಾಗ ಪಾತ್ರೆಯ ಗಂಟು ಕಟ್ಟಿ ಆಗಿತ್ತು. ಅತ್ತೆ ಮೇಜಿನ ಮೇಲೆ ಕತ್ತಿನವರೆಗೆ ಹೊದ್ದು ಮಲಗಿ, ನರಳುವುದನ್ನು ಅಭ್ಯಾಸ ಮಾಡುತ್ತಿದ್ದರು.

"ಏನಂದ್ರು?" ಎಂದಳು ಹೆಂಡತಿ.

ನಾನು ನೀರು ಕುಡಿದೆ. ನನಗೆ ಮಾತು ಬೇಗ ಬರುವುದಿಲ್ಲ.

"ಬಾಯಿ ಬಿಡ್ರೀ! ಎಷ್ಟು ಕೊಡಬೇಕಂತ?"

"ಪಾಲಿಶಿಗೆ ಎಂಟುನೂರು."

"ಶಿವನೇ. ಮತ್ತ?"

"ಬಾಡಿಗೀಯೊಳಗ ತಿಂಗಳಿಗೆ ಇನ್ನೂರು."

"ಇನ್ನೂರು ಹೆಚ್ಚು!" ಅವಳು ಗಂಟಿನ ಮೇಲೆಯೇ ಕುಸಿದು ಕೂತಳು. ಒಳಗೆ ಏನೋ ನೆಗ್ಗಿದ ಸದ್ದಾಯಿತು.

"ನಾ ಇಳೀಲೋ, ಹಿಂಗ ಮಲಗಿರ್ಲೋ?" ಎಂದರು ಅತ್ತೆ ಹೊದಿಕೆಯೊಳಗಿಂದ.

"ಕಡಿಮಿ," ಎಂದೆ. "ಇನ್ನೂರು ಕಡಿಮಿ. ಈ ಎಂಟುನೂರೂ ಅವರೇ ಕೊಟ್ಟಾರ."